ಹೆಂಚಿನ ಮನೆಯ ಚಳಿಗೆ ಎಷ್ಟು ದೊಡ್ಡ ಸೌದೆ ಒಲೆ ಬೇಕು?

ಈ ವಾರದ ವಾಯ್ಸ್ ನೋಟ್ ಮೈಸೂರಿನ ಅಗ್ರಹಾರದ ಕೇಳುಗರೊಬ್ಬರದು. ಹಳೇ ಹೆಂಚಿನ ಮನೆ. ಡಿಸೆಂಬರ್ ಬಂತು ಅಂದ್ರೆ ರಾತ್ರಿ ಹೆಂಚಿನ ಸಂದಿಯಿಂದ ಗಾಳಿ ಸುಯ್ ಅಂತ ಇಳಿಯುತ್ತೆ, ಅಜ್ಜಿಗೆ ನಿದ್ದೆ ಇಲ್ಲ. ಆನ್‌ಲೈನ್‌ನಲ್ಲಿ ಗಾಜಿನ ಬಾಗಿಲಿರೋ ಕಬ್ಬಿಣದ ಸೌದೆ ಒಲೆ ನೋಡಿದ್ದಾರೆ. ಮನೆ ತುಂಬಾ ತೂತು ಇದೆಯಲ್ಲ, ದೊಡ್ಡದೇ ಇರಲಿ, 12 ಕಿಲೋವ್ಯಾಟ್‌ದು ತಗೊಳ್ಳೋಣ್ವಾ ಅಂತ ಪ್ರಶ್ನೆ.

ಬೇಡ. ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ, ಫೋನಿನ ಕ್ಯಾಲ್ಕುಲೇಟರ್ ಸಾಕು.

ಮೊದಲು, 12 ಕಿಲೋವ್ಯಾಟ್ ಅಂದ್ರೆ ಎಷ್ಟು? ಬಚ್ಚಲುಮನೆಯ ಗೀಸರ್ ಸಾಮಾನ್ಯವಾಗಿ 2 ಕಿಲೋವ್ಯಾಟ್. ಅಂಥ ಆರು ಗೀಸರ್ ಅಜ್ಜಿಯ ಕೋಣೆಯಲ್ಲಿ ಒಟ್ಟಿಗೆ ಉರಿದ ಹಾಗೆ.

ಈಗ ಕೋಣೆ. 12 ಅಡಿಗೆ 14 ಅಡಿ ಅಂತಿಟ್ಟುಕೊಳ್ಳಿ, ಹೆಂಚಿನ ಇಳಿಜಾರು ಸೇರಿಸಿ ಸರಾಸರಿ ಎತ್ತರ 11 ಅಡಿ. ಒಳಗಿನ ಗಾಳಿ ಸುಮಾರು 50 ಘನ ಮೀಟರ್. ಹೊರಗೆ 15 ಡಿಗ್ರಿ, ಒಳಗೆ 21 ಬೇಕು. ವ್ಯತ್ಯಾಸ 6 ಡಿಗ್ರಿ, ಅಷ್ಟೇ. ಇಡೀ ಲೆಕ್ಕದ ಗುಟ್ಟು ಈ ಆರರಲ್ಲಿದೆ. ಚಳಿದೇಶಗಳಲ್ಲಿ ಅದೇ ವ್ಯತ್ಯಾಸ 20, 25 ಡಿಗ್ರಿ ಇರುತ್ತೆ. ಆನ್‌ಲೈನ್‌ನಲ್ಲಿ ಸಿಗೋ ಈ ಒಲೆಗಳು ಹುಟ್ಟಿದ್ದು ಆ ಊರುಗಳಿಗಾಗಿ.

ತೂತಿನ ಮನೆಯಲ್ಲಿ ಗಂಟೆಗೆ ನಾಲ್ಕು ಸಲ ಕೋಣೆಯ ಗಾಳಿ ಪೂರ್ತಿ ಬದಲಾಗುತ್ತೆ ಅಂತ ಹಿಡಿಯೋಣ. ಅಂದ್ರೆ ಗಂಟೆಗೆ 200 ಘನ ಮೀಟರ್ ಗಾಳಿ. ಅದನ್ನ 6ರಿಂದ ಗುಣಿಸಿ, 3ರಿಂದ ಭಾಗಿಸಿ: 400 ವ್ಯಾಟ್. ಒಂದು ಘನ ಮೀಟರ್ ಗಾಳಿಯನ್ನ ಒಂದು ಡಿಗ್ರಿ ಬಿಸಿ ಮಾಡೋಕೆ ವ್ಯಾಟ್-ಗಂಟೆಯ ಮೂರನೇ ಒಂದು ಭಾಗ ಸಾಕು, ಆ 3 ಬಂದಿದ್ದು ಅಲ್ಲಿಂದ. ಬರೀ ಹೆಂಚಿನ ಮೂಲಕ ಇನ್ನೊಂದು 500 ವ್ಯಾಟ್ ಹೋಗುತ್ತೆ. ದಪ್ಪ ಗೋಡೆಗಳಿಂದ 200 ಚಿಲ್ಲರೆ. ಒಟ್ಟು 1,100, 1,200 ವ್ಯಾಟ್. ಗಾಳಿ ನುಗ್ಗೋ ಮನೆ ಅಂತ ಧಾರಾಳವಾಗಿ ಹಿಡಿದರೂ ಒಂದು ಕಿಲೋವ್ಯಾಟಿಗೆ ಸ್ವಲ್ಪ ಜಾಸ್ತಿ, ಅಷ್ಟೇ!

ಈ ಥರದ ಒಲೆಗಳಲ್ಲಿ ಸಣ್ಣದು ಅನ್ನಿಸಿಕೊಳ್ಳೋದೇ 4, 5 ಕಿಲೋವ್ಯಾಟ್. ಹಾಗಾಗಿ ನನ್ನ ಪ್ರಕಾರ ಮೈಸೂರಿನ ಒಂದು ಕೋಣೆಗೆ ಸರಿಯಾದ ಸೈಜಿನ ಸೌದೆ ಒಲೆ ಅಂಗಡಿಯಲ್ಲಿ ಇಲ್ಲವೇ ಇಲ್ಲ.

ದೊಡ್ಡದು ತಂದು ಸಣ್ಣಗೆ ಉರಿಸಿದ್ರಾಯ್ತು ಅಂತೀರಾ? ತಪ್ಪಾಗೋದು ಅಲ್ಲೇ. ಕೋಣೆ ಕಾದು ಸೆಕೆಯಾದಾಗ ಜನ ಒಲೆಯ ಗಾಳಿಕಿಂಡಿ ಮುಚ್ಚುತ್ತಾರೆ. ಸೌದೆ ಆಗ ಉರಿಯಲ್ಲ, ಹೊಗೆಯಾಡುತ್ತೆ. ಆ ಹೊಗೆ ತಣ್ಣನೆ ಚಿಮಣಿಯಲ್ಲಿ ಡಾಂಬರಿನಂಥ ಅಂಟಾಗಿ ಕೂರುತ್ತೆ. ಒಂದಿನ ಅದಕ್ಕೇ ಬೆಂಕಿ ಹತ್ತಬಹುದು, ಮೇಲಿರೋದು ಮರದ ತೊಲೆ, ರೀಪು. ಸಣ್ಣ ಒಲೆಯನ್ನ ಜೋರಾಗಿ ಉರಿಸೋದು ಯಾವತ್ತೂ ವಾಸಿ. ಸೌದೆ ಚೆನ್ನಾಗಿ ಒಣಗಿರಬೇಕು, ಒದ್ದೆ ಸೌದೆಯ ಶಾಖದಲ್ಲಿ ಒಂದಿಷ್ಟು ಅದರ ನೀರನ್ನ ಆವಿ ಮಾಡೋದಕ್ಕೇ ಹೋಗುತ್ತೆ.

ಹಾಗಾದ್ರೆ ಅಜ್ಜಿಗೇನು ದಾರಿ? ಊದುಬತ್ತಿ. ಮೈಸೂರಲ್ಲಿ ಅದಕ್ಕೇನು ಬರ! ಗಾಳಿ ಬೀಸೋ ಸಂಜೆ ಒಂದು ಹಚ್ಚಿ ಬಾಗಿಲಿನ ಕೆಳಗೆ, ಕಿಟಕಿ ಚೌಕಟ್ಟಿನ ಪಕ್ಕ, ಗೋಡೆ ಮತ್ತು ಸೂರು ಸೇರೋ ಕಡೆ ಹಿಡಿದು ನಡೀರಿ. ಹೊಗೆ ಎಲ್ಲಿ ಅಡ್ಡಕ್ಕೆ ಬಾಗುತ್ತೋ ಅಲ್ಲಿ ತೂತಿದೆ. ಬಾಗಿಲ ಕೆಳಗೆ ರಬ್ಬರ್ ಪಟ್ಟಿ, ಹಾಸಿಗೆ ಮೇಲಕ್ಕೆ ಬರೋ ಹಾಗೆ ಹಲಗೆಯ ಸೀಲಿಂಗ್. ಇಷ್ಟು ಮಾಡಿದ್ರೆ 1,100 ವ್ಯಾಟ್ ಬೇಕಿದ್ದ ಕೋಣೆ 600ಕ್ಕೆ ಇಳಿಯಬಹುದು. ಆಮೇಲೆ ಒಂದು ಕಿಲೋವ್ಯಾಟಿನ ಆಯಿಲ್ ಹೀಟರ್ ಸಾಕು. ಪೂರ್ತಿ ಉರಿದ್ರೆ ಗಂಟೆಗೆ ಒಂದು ಯೂನಿಟ್, ಗೃಹಜ್ಯೋತಿಯ ಮಿತಿ ದಾಟುತ್ತಾ ಅಂತ ಮಾತ್ರ ನೋಡಿಕೊಳ್ಳಿ. ಮನೆ ನಡುವೆ ತೊಟ್ಟಿ ಇದ್ದು ಕೋಣೆಗೆ ಬಾಗಿಲೇ ಇಲ್ಲ ಅಂದ್ರೆ ಯಾವ ಹೀಟರೂ ಬೇಡ, ಬಿಸಿಯಾಗೋದು ಆಕಾಶ.

ನಮ್ಮ ಹಿರಿಯರು ಕೋಣೆ ಕಾಯಿಸೋಕೆ ಹೋಗಲಿಲ್ಲ, ನೀರು ಕಾಯಿಸಿದ್ರು. ಬಚ್ಚಲ ಒಲೆ, ಮೇಲೆ ತಾಮ್ರದ ಹಂಡೆ. ಶಾಖವನ್ನ ಹಿಡಿದಿಡೋದ್ರಲ್ಲಿ ನೀರಿಗೆ ಸಾಟಿ ಇಲ್ಲ. ಆ ಒಲೆಯಲ್ಲೂ ಸೈಜಿನ ಪ್ರಶ್ನೆ ಇತ್ತು. ಬಾಯಿ ದೊಡ್ಡದಾದಷ್ಟೂ ಸೌದೆ ಜಾಸ್ತಿ, ಬಿಸಿ ಕಡಿಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಅಸ್ತ್ರ ಒಲೆ ಮಾಡಿದಾಗ ಹಿಡಿದಿದ್ದೂ ಇದೇ ಎಳೆ: ಉರಿಯೋ ಜಾಗ ಮುಚ್ಚಿ, ಪಾತ್ರೆಗೆ ತಕ್ಕ ಅಳತೆಗೆ ತಂದು, ಹೊಗೆಯನ್ನ ಚಿಮಣಿಯಿಂದ ಹೊರಗೆ ಕಳಿಸೋದು.

ಸೌದೆ ಒಲೆ ಬೇಕೇ ಬೇಕು ಅನ್ನೋ ಊರೂ ನಮ್ಮ ಹತ್ತಿರದಲ್ಲೇ ಇದೆ. ಮಡಿಕೇರಿಯಲ್ಲಿ ಹೋಮ್‌ಸ್ಟೇ ನಡೆಸೋರು ಕೇಳಿಸಿಕೊಳ್ಳಿ. ಅಲ್ಲಿ ಹೊರಗೆ 10 ಡಿಗ್ರಿ ಅಂತ ಹಿಡಿದ್ರೆ ವ್ಯತ್ಯಾಸ 11. ಅದೇ ಕೋಣೆಗೆ 2 ಕಿಲೋವ್ಯಾಟ್, ಎರಡರಷ್ಟು ದೊಡ್ಡ ಹಾಲ್‌ಗೆ 4. ಅಲ್ಲಿಗೆ 5 ಕಿಲೋವ್ಯಾಟಿನ ಒಲೆ ಸರಿ. ಅಲ್ಲೂ 12 ಬೇಡ.

ಕೊನೆಗೆ ಒಂದು ವಿಷಯ, ಇದನ್ನ ಮಾತ್ರ ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಕೇಳಿಸಿ. ಒಲೆ ಬೇಡ ಅಂದ ತಕ್ಷಣ ಅಜ್ಜಿ ಹೇಳೋದು, 'ಅಗ್ಗಿಷ್ಟಿಕೆಲಿ ಒಂಚೂರು ಕೆಂಡ ಇಡ್ರೋ' ಅಂತ. ಬಾಣಂತಿ ಕೋಣೆಯಲ್ಲೂ ಕೆಂಡ ಇಡ್ತಿದ್ವಲ್ಲ, ಏನಾಯ್ತು ಅಂತಾರೆ. ಏನೂ ಆಗದೇ ಇದ್ದಿದ್ದು ಬಹಳಷ್ಟು ಸಲ ಆ ಹೆಂಚಿನ ಸಂದಿಗಳಿಂದಲೇ. ಕೆಂಡದಿಂದ ಬರೋ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರಿಗೆ ಎಚ್ಚರವೇ ಆಗಲ್ಲ. ನೀವು ಈಗಷ್ಟೇ ಊದುಬತ್ತಿ ಹಿಡಿದು ತೂತೆಲ್ಲ ಮುಚ್ಚಿದ್ದೀರಿ. ಅದೇ ಕೋಣೆ, ಅದೇ ಅಗ್ಗಿಷ್ಟಿಕೆ, ಆದರೆ ಈಗ ಪ್ರಾಣ ಹೋಗಬಹುದು. ಕೆಂಡ ಅಂಗಳದಲ್ಲಿರಲಿ. ಚಿಮಣಿ ಇರೋ ಒಲೆ ಇಟ್ಟರೂ ಹೊರಗಿನ ಗಾಳಿಗೆ ಒಂದು ಕಿಂಡಿ ಬಿಡಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಹಾಕಿಸಿ. ಅಜ್ಜಿಗೆ ಬಿಸಿನೀರಿನ ಬ್ಯಾಗ್ ಕೊಡಿ, ಮಂಚವನ್ನ ಹೊರಗೋಡೆಯಿಂದ ಎರಡಡಿ ಈಚೆ ಎಳೀರಿ.

ನಿಮ್ಮ ಕೋಣೆಯ ಉದ್ದ, ಅಗಲ, ಎತ್ತರ, ಮೇಲೆ ಹೆಂಚೋ ಆರ್‌ಸಿಸಿಯೋ ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಒಂದೆರಡು ಮನೆಯ ಲೆಕ್ಕ ಇಲ್ಲೇ ಹಾಕ್ತೀನಿ.