ಪೂರ್ತಧರ್ಮವೂ ಒಡೆಯನಿಲ್ಲದ ಧನವೂ

ಲಾಭಾಪೇಕ್ಷೆಯಿಲ್ಲದ ಸಂಘಸಂಸ್ಥೆಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅವುಗಳ ಪರೋಪಕಾರಬುದ್ಧಿಯನ್ನು ಕೊಂಡಾಡಿ ನಿಲ್ಲಿಸುವರು. ಅವು ಆದಾಯವಿಲ್ಲದೆ ದಾತೃಗಳ ಕರುಣೆಯಿಂದಲೇ ಬದುಕುವುವೆಂಬ ಭಾವನೆ ಇದರಿಂದ ಬೆಳೆದಿದೆ. ಇದು ಸಮಂಜಸವಲ್ಲ. ಇಂತಹ ಸಂಸ್ಥೆಗೆ ಆದಾಯವೂ ಉಂಟು, ಖರ್ಚು ಕಳೆದು ಮಿಗುವುದೂ ಉಂಟು. ಆ ಮಿಗಿಲಿಗೆ ಒಡೆಯನಿಲ್ಲವೆಂಬುದೇ ಅದರ ಲಕ್ಷಣ.

ನಮ್ಮ ಧರ್ಮಶಾಸ್ತ್ರಕಾರರು ಈ ವಿಷಯವನ್ನು ಸೂಕ್ಷ್ಮವಾಗಿ ವಿವೇಚಿಸಿರುವರು. ಕೆರೆ, ಬಾವಿ, ಸತ್ರ, ದೇವಾಲಯ, ತೋಪು ಮೊದಲಾದವನ್ನು ಮಾಡಿಸುವುದು ಪೂರ್ತವೆನಿಸುತ್ತದೆ. ಇಲ್ಲಿ ದಾನಕ್ಕೂ ಉತ್ಸರ್ಗಕ್ಕೂ ಭೇದವುಂಟು. ದಾನದಲ್ಲಿ ಕೊಟ್ಟವನ ಸ್ವತ್ವವು ತೊಲಗಿ ಪಡೆದವನ ಸ್ವತ್ವವು ಹುಟ್ಟುತ್ತದೆ. ಉತ್ಸರ್ಗದಲ್ಲಿ ತೊಲಗುವುದು ಮಾತ್ರ ಉಂಟು, ಮತ್ತೊಬ್ಬನಲ್ಲಿ ಹುಟ್ಟುವುದಿಲ್ಲ. ಕೆರೆಯನ್ನು ಉತ್ಸರ್ಗಮಾಡಿದವನು ಅದರ ನೀರನ್ನು ತಾನೂ ಬಳಸಬಹುದು. ಆದರೆ ಒಡೆಯನೆಂದಲ್ಲ, ಎಲ್ಲರೊಳಗೊಬ್ಬನೆಂದು. 1860ನೆಯ ಇಸವಿಯ ಸಂಘಗಳ ನೋಂದಣಿ ಕಾಯಿದೆಯೂ, ಸಂಘವು ವಿಸರ್ಜನೆಯಾದಾಗ ಸಾಲ ತೀರಿ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳದೆ ಬೇರೊಂದು ಸಂಘಕ್ಕೆ ಒಪ್ಪಿಸಬೇಕೆಂದು ಸಾಮಾನ್ಯವಾಗಿ ವಿಧಿಸಿತು. ಮಾತು ಬೇರೆ, ನ್ಯಾಯವೊಂದೇ.

ಇಂತಹ ಧನವು ಲೋಕದಲ್ಲಿ ಏನು ಮಾಡುತ್ತದೆಂಬುದಕ್ಕೆ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ 1162ರ ಶಾಸನವು ಸಾಕ್ಷಿ. ಅಲ್ಲಿಯ ಕೋಡಿಯಮಠವು ನಾಲ್ಕು ವೇದಗಳನ್ನೂ, ದರ್ಶನಗಳನ್ನೂ, ಪುರಾಣ ಕಾವ್ಯ ನಾಟಕಗಳನ್ನೂ ವ್ಯಾಖ್ಯಾನಿಸುವ ಸ್ಥಾನ. ಪಾಣಿನೀಯದೊಡನೆ ಜೈನನಾದ ಶಾಕಟಾಯನನ ವ್ಯಾಕರಣವೂ, ಬೌದ್ಧದರ್ಶನವೂ ಆ ಪಟ್ಟಿಯಲ್ಲಿವೆ; ಕಾಳಾಮುಖ ಶೈವರ ಮಠವೆಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಅಲ್ಲಿ ಉಣ್ಣುತ್ತಿದ್ದರು, ರೋಗಿಗಳಿಗೆ ಚಿಕಿತ್ಸೆಯಿತ್ತು, ಗಾಯಕರಿಗೂ ವಾದಕರಿಗೂ ಅಲ್ಲಿ ಅನ್ನವಿತ್ತು. ಪಾಠಶಾಲೆ, ಆಸ್ಪತ್ರೆ, ಸತ್ರ ಮೂರೂ ಒಂದೇ ಸೂರಿನಡಿ. ಇಷ್ಟು ಜನ ದಿನವೂ ಉಣ್ಣಬೇಕಾದರೆ ಅಕ್ಕಿ, ಎಣ್ಣೆ, ಸೌದೆ, ಮಡಕೆಗಳು ಬರಬೇಕಷ್ಟೆ. ಧರ್ಮವೆಂದು ನಾವು ಬೇರೆ ಕಟ್ಟಿಡುವ ಕಾರ್ಯವು ರೈತನಿಗೂ ಗಾಣಿಗನಿಗೂ ಕುಂಬಾರನಿಗೂ ಜೀವನೋಪಾಯವಾಗುವುದು ಹೀಗೆ.

ಇನ್ನು ಆದಾಯದ ವಿಚಾರ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಶಾಲೆಯೊಂದನ್ನು ಕಟ್ಟಿಸಿದನು. ಊರಿನ ಹಳೆಯ ಹೆಸರು ಪಾವಿಟ್ಟಗೆ. ಅದರ ಹಿಂದೆ ಶಾಲೆ ಸೇರಿ ಈಗಿನ ರೂಪವಾಗಿದೆ. 945ರ ಶಾಸನದಂತೆ, ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳೂ ಭೂಮಿಯೂ ದತ್ತವಾದುವು. ಇಷ್ಟೇ ಆಗಿದ್ದರೆ ಇದೂ ನೂರು ದತ್ತಿಶಾಸನಗಳಲ್ಲೊಂದಾಗುತ್ತಿತ್ತು. ನನಗೆ ಮುಖ್ಯವಾಗಿ ಕಾಣುವುದು ಮಂತ್ರಿಯ ಔದಾರ್ಯವಲ್ಲ, ಊರವರು ತಮಗೆ ತಾವೇ ವಿಧಿಸಿಕೊಂಡ ಕಟ್ಟಳೆ. ಮದುವೆಯಾದರೆ ಶಾಲೆಗೆ ಐದು ಹೂ, ಅಂದರೆ ನಾಣ್ಯ. ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರಲ್ಲೂ ಅರ್ಧ. ದೊರೆಯ ಭೂಮಿಯನ್ನು ಮತ್ತೊಬ್ಬ ದೊರೆ ಕಿತ್ತುಕೊಳ್ಳಬಹುದು. ಮನೆಮನೆಯ ಮಂಗಳಕಾರ್ಯಕ್ಕೆ ಗಂಟುಹಾಕಿದ ಈ ಸಣ್ಣ ಕಾಣಿಕೆಯನ್ನು ಕಿತ್ತುಕೊಳ್ಳುವುದು ಅಷ್ಟು ಸುಲಭವಲ್ಲ. ಒಬ್ಬನೇ ಮಹಾದಾತನನ್ನು ನೆಮ್ಮಿರುವ ಇಂದಿನ ಸಂಸ್ಥೆಗಳ ಕಾರ್ಯದರ್ಶಿಗಳು ಈ ಶಾಸನವನ್ನು ಒಮ್ಮೆ ಓದಬೇಕು. ಯಾವನಾದರೂ ಔತಣವಿಟ್ಟರೆ ಶಾಲೆಯವರಿಗೂ ಯಥಾಶಕ್ತಿ ಉಣಬಡಿಸಬೇಕೆಂಬ ವಿಧಿಯೂ ಅದರಲ್ಲುಂಟು.