ಕಾಲಡಿಯಲ್ಲೇ ಇದೆ ತಂಪು: ಮಂಡ್ಯದ ಸೆಕೆಗೆ ಭೂಶಾಖದ ಉತ್ತರ

ಈ ವಾರದ ಸಂಚಿಕೆಯನ್ನು ಓದಲು ಬಯಸುವವರಿಗಾಗಿ ಅದರ ಬರಹ ರೂಪ ಇಲ್ಲಿದೆ.

ಏಪ್ರಿಲ್ ತಿಂಗಳು, ರಾತ್ರಿ ಹನ್ನೊಂದು ಗಂಟೆ. ಫ್ಯಾನ್ ಫುಲ್ ಸ್ಪೀಡಲ್ಲಿದೆ, ಆದ್ರೆ ಬರ್ತಿರೋದು ಬಿಸಿಗಾಳಿ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಆರ್‌ಸಿಸಿ ಮನೆಯ ಮೇಲಿನ ಮಹಡಿಯಲ್ಲಿ ಮಲಗೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಎಸಿ ಹಾಕಿಸಿದ್ರೆ ಬಿಲ್ಲಿನ ಚಿಂತೆ. ಹಾಗಾದ್ರೆ ಮನೆ ಕೆಳಗಿರೋ ನೆಲವನ್ನೇ ಬಳಸಿ ಮನೆ ತಂಪು ಮಾಡ್ಕೋಬಹುದಾ? ಇವತ್ತು ಅದನ್ನೇ ನೋಡೋಣ.

ಭೂಶಾಖ, ಅಂದ್ರೆ ಜಿಯೋಥರ್ಮಲ್ ಅಂದ ಕೂಡಲೇ ಬಿಸಿನೀರಿನ ಬುಗ್ಗೆ ನೆನಪಾಗುತ್ತೆ. ಐಸ್‌ಲ್ಯಾಂಡ್‌ನಲ್ಲಿ ಹತ್ತರಲ್ಲಿ ಒಂಬತ್ತು ಮನೆ ಬೆಚ್ಚಗಿರೋದು ಅಂಥ ನೀರಿನಿಂದಲೇ. ನಮ್ಮಲ್ಲಿ ಆ ಕಥೆ ಇಲ್ಲ. ಮಂಡ್ಯದ ಅಡಿಯಲ್ಲಿರೋದು ಸುಮಾರು 300 ಕೋಟಿ ವರ್ಷ ಹಳೆಯ, ತಣ್ಣಗಾದ ಬಂಡೆ. ಆದ್ರೆ ನಮಗೆ ಬೇಕಿರೋದು ಬಿಸಿನೀರಲ್ಲ, ಬದಲಾಗದ ಒಂದು ತಾಪ. ಅದು ಎಲ್ಲ ಊರಿನ ನೆಲದಲ್ಲೂ ಇದೆ.

ಹಗಲಿನ ಬಿಸಿಲು ಮಣ್ಣಿನೊಳಗೆ ಒಂದೆರಡು ಅಡಿಗಿಂತ ಹೆಚ್ಚು ಇಳಿಯಲ್ಲ. ಬೇಸಿಗೆಯ ಕಾವು ಹತ್ತು ಹನ್ನೆರಡು ಅಡಿ ಮುಟ್ಟೋಕೆ ತಿಂಗಳುಗಳೇ ಬೇಕು. ಅಷ್ಟೊತ್ತಿಗೆ ಮೇಲೆ ಮಳೆಗಾಲ ಶುರುವಾಗಿರುತ್ತೆ. ಹಾಗಾಗಿ ಆ ಆಳದಲ್ಲಿ ನೆಲದ ತಾಪ ವರ್ಷದ ಸರಾಸರಿಗೆ ಹತ್ತಿರ ಇರುತ್ತೆ. ನಮ್ಮ ಕಡೆ ಸುಮಾರು 25ರಿಂದ 27 ಡಿಗ್ರಿ. ಹೊರಗೆ 37 ಡಿಗ್ರಿ ಇದ್ದಾಗ ಆ ಹತ್ತು ಡಿಗ್ರಿ ವ್ಯತ್ಯಾಸವೇ ನಮ್ಮ ಆಸ್ತಿ.

ಇದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಹಳೇ ಮೈಸೂರು ಸೀಮೆಯಲ್ಲಿ ರಾಗಿ ತುಂಬಿಡ್ತಿದ್ದ ಹಗೇವು ಕೇಳಿದ್ದೀರಲ್ಲ? ಗಟ್ಟಿ ನೆಲದಲ್ಲಿ ತೋಡಿದ ಗುಂಡಿ, ಮೇಲೆ ಕಲ್ಲುಚಪ್ಪಡಿ. ರಾಗಿ ವರ್ಷಗಟ್ಟಲೆ ಕೆಡದೆ ಇರ್ತಿತ್ತು. ಒಳಗೆ ಗಾಳಿ ಆಡದೇ ಇರೋದು ಒಂದು ಕಾರಣ, ತಾಪ ಏರಿಳಿಯದೇ ಇರೋದು ಇನ್ನೊಂದು.

ಈ ತಂಪನ್ನ ಮನೆಯೊಳಗೆ ತರೋಕೆ ಎರಡು ದಾರಿ.

ಮೊದಲನೆಯದು ಗಾಳಿ ಪೈಪ್. ಹತ್ತು ಹನ್ನೆರಡು ಅಡಿ ಆಳದಲ್ಲಿ ಉದ್ದಕ್ಕೆ ಪೈಪ್ ಹೂಳೋದು, ಒಂದು ಫ್ಯಾನ್ ಇಟ್ಟು ಹೊರಗಿನ ಗಾಳಿಯನ್ನ ಅದರಲ್ಲಿ ಹಾಯಿಸಿ ಒಳಗೆ ಬಿಡೋದು. ಖರ್ಚಾಗೋದು ಫ್ಯಾನಿನ ಕರೆಂಟ್ ಮಾತ್ರ. ಗುರುಗ್ರಾಮದ ಹತ್ತಿರ ಗ್ವಾಲ್ ಪಹಾಡಿಯಲ್ಲಿರೋ ಟೆರಿ ಸಂಸ್ಥೆಯ ಕಟ್ಟಡದಲ್ಲಿ 4 ಮೀಟರ್ ಆಳದ ಇಂಥ ಸುರಂಗಗಳಿವೆ. ಆದ್ರೆ ಇದು ಎಸಿ ಥರ 22 ಡಿಗ್ರಿ ಕೊಡಲ್ಲ. ನೆಲಕ್ಕಿಂತ ತಣ್ಣಗೆ ಗಾಳಿ ಬರೋಕೆ ಸಾಧ್ಯನೇ ಇಲ್ಲ.

ಎರಡನೆಯದು ಹೀಟ್ ಪಂಪ್. ಎಸಿ ಮಾಡೋದೂ ಶಾಖ ಸಾಗಿಸೋ ಕೆಲಸವೇ. ಒಳಗಿನ ಬಿಸಿ ಎತ್ತಿ ಹೊರಗೆ ಹಾಕುತ್ತೆ. ಬಾವಿ ನೀರು ಎಷ್ಟು ಎತ್ತರಕ್ಕೆ ಏರಿಸಬೇಕೋ ಮೋಟರ್‌ಗೆ ಅಷ್ಟು ಶ್ರಮ, ಅಲ್ವಾ? ಇಲ್ಲೂ ಹಾಗೇ. 37 ಡಿಗ್ರಿ ಗಾಳಿಗೆ ಬಿಸಿ ತಳ್ಳೋದು ಕಷ್ಟ, 27 ಡಿಗ್ರಿ ನೆಲಕ್ಕೆ ತಳ್ಳೋದು ಸುಲಭ. ಅದೇ ತಂಪಿಗೆ ಕರೆಂಟ್ ಕಡಿಮೆ ಸಾಕು. ಜೊತೆಗೆ ಕೋಣೆಯಿಂದ ತೆಗೆದ ಶಾಖದಲ್ಲೇ ಸ್ನಾನದ ನೀರು ಕಾಯಿಸಬಹುದು. ನಮ್ಮ ಕಡೆ ಮನೆ ಬೆಚ್ಚಗಿಡೋ ಅಗತ್ಯ ಕಡಿಮೆ, ಬಿಸಿನೀರು ಮಾತ್ರ ದಿನಾ ಬೇಕು.

ಉಳಿತಾಯ ಬರೀ ನಮ್ಮ ಬಿಲ್ಲಿನದ್ದಲ್ಲ. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಶಿವನಸಮುದ್ರ ಇರೋದು ಮಳವಳ್ಳಿ ತಾಲೂಕಿನಲ್ಲಿ. ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗಲೇ ಊರೂರಲ್ಲಿ ಎಸಿ ಜೋರಾಗಿ ಓಡೋದು. ಆ ಹೊತ್ತಲ್ಲಿ ಉಳಿಸಿದ ಪ್ರತಿ ಯೂನಿಟ್ಟಿಗೂ ಬೆಲೆ ಜಾಸ್ತಿ.

ಈಗ ತೊಡಕುಗಳು. ಮಂಡ್ಯ, ಮದ್ದೂರಿನ ನಾಲೆ ಬಯಲಿನಲ್ಲಿ ಮಣ್ಣು ಹಸಿ. ಹಸಿ ಮಣ್ಣು ಶಾಖವನ್ನ ಬೇಗ ಹೀರುತ್ತೆ, ಅದು ಲಾಭ. ಆದ್ರೆ ಅಂತರ್ಜಲ ಮೇಲಿದ್ರೆ ಗಾಳಿ ಪೈಪಿಗೆ ನೀರು ನುಗ್ಗಬಹುದು. ಮಳೆಗಾಲದ ತೇವದ ಗಾಳಿ ಒಳಗೇ ಹನಿಯಾಗಿ ನಿಂತ್ರೆ ಬೂಷ್ಟು ಬೆಳೆಯುತ್ತೆ. ಜಾಯಿಂಟ್ ಭದ್ರ ಇರ್ಬೇಕು, ಪೈಪ್ ಇಳಿಜಾರಾಗಿರ್ಬೇಕು, ನೀರು ತೆಗೆಯೋಕೆ ಒಂದು ಗುಂಡಿ ಇರ್ಬೇಕು. ಇನ್ನು ನಾಲೆ ನೀರು ಹತ್ತದ ದಿಣ್ಣೆ ಜಾಗದಲ್ಲಿ ಸ್ವಲ್ಪ ಅಗೆದರೆ ಬಂಡೆ ಸಿಗಬಹುದು. ಬಂಡೆ ಶಾಖವನ್ನ ಚೆನ್ನಾಗಿ ಸಾಗಿಸುತ್ತೆ, ಆದ್ರೆ ಕೊರೆಯೋ ಖರ್ಚು ಭಾರೀ.

ಇನ್ನೊಂದು ಮಾತು. ಚಳಿ ದೇಶಗಳಲ್ಲಿ ಬೇಸಿಗೆಯಲ್ಲಿ ನೆಲಕ್ಕೆ ಹಾಕಿದ ಶಾಖವನ್ನ ಚಳಿಗಾಲದಲ್ಲಿ ವಾಪಸ್ ತಗೋತಾರೆ. ನಾವು ಬರೀ ಹಾಕ್ತಾ ಹೋದ್ರೆ ಪೈಪಿನ ಸುತ್ತ ನೆಲ ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತೆ. ಅದಕ್ಕೇ ದಿನಾ ಬಿಸಿನೀರು ಬೇಕಾಗೋ ಹಾಸ್ಟೆಲ್, ಆಸ್ಪತ್ರೆಗಳಿಗೆ ಹೀಟ್ ಪಂಪ್ ಹೆಚ್ಚು ಹೊಂದುತ್ತೆ. ಫೇಲಾದ ಬೋರ್‌ವೆಲ್ ಇದೆ, ಅದನ್ನೇ ಬಳಸ್ಬಹುದಾ? ಒಣ ಕೊಳವೆಯಲ್ಲಿರೋ ಗಾಳಿ ಶಾಖ ಸಾಗಿಸಲ್ಲ. ಪೈಪ್ ಇಳಿಸಿ ಸುತ್ತ ಗಾರೆ ತುಂಬಿದ್ರೆ ಮಾತ್ರ ಕೆಲಸ ಮಾಡುತ್ತೆ. ಮುಚ್ಚದೆ ಬಿಡೋದಂತೂ ಮಕ್ಕಳ ಜೀವಕ್ಕೇ ಅಪಾಯ.

ಹಾಗಾದ್ರೆ ನೀವೇನು ಮಾಡ್ಬಹುದು? ಕಟ್ಟಿರೋ ಮನೆಯಾದ್ರೆ ಮೊದಲು ತಾರಸಿಗೆ ಬಿಳಿ ಬಣ್ಣ, ಪಶ್ಚಿಮದ ಗೋಡೆಗೆ ನೆರಳು. ಇದಕ್ಕೆ ಖರ್ಚು ಕಡಿಮೆ, ಫಲ ಬೇಗ. ಹೊಸ ಮನೆಯಾದ್ರೆ ಪಾಯ ತೆಗೆಯೋಕೆ ಜೆಸಿಬಿ ಬಂದ ದಿನವೇ ಪೈಪಿನ ಕಂದಕವನ್ನೂ ತೆಗೆಸಿಬಿಡಿ. ಮನೆ ಎದ್ದ ಮೇಲೆ ಅಂಗಳ ಅಗೆಸೋಕೆ ಯಾರೂ ಒಪ್ಪಲ್ಲ. ಮನೇಲಿ ಪ್ಲಾನ್ ಮಾತುಕತೆ ನಡೀತಿದ್ರೆ ಅಪ್ಪ ಅಮ್ಮನಿಗೆ ಈ ಸಂಚಿಕೆ ಕಳಿಸಿ. ಮುಂದಿನ ವಾರ ಸಿಗೋಣ.