ಸುಣ್ಣಶಿಲೆಯ ಮೇಲೆ ಗಾಜಿನ ಜೀವಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಸೀಮೆಯಲ್ಲಿ ಕಲ್ಲೆಂದರೆ ಫರ್ಸಿಕಲ್ಲು. ಮನೆಯ ನೆಲಕ್ಕೆ ಹಾಸಿದುದೂ ಸಿಮೆಂಟು ಕಾರ್ಖಾನೆಯ ಕುಲುಮೆಗೆ ಹೋದುದೂ ಒಂದೇ ಸುಣ್ಣಶಿಲೆ. ಅದರ ಕೀರ್ತಿ ದೇಶದಲ್ಲೆಲ್ಲ ಹಬ್ಬಿರುವಾಗ, ಮಳಖೇಡದ ಬಳಿ ಕಾಗಿಣಾ ನದಿಗಿಳಿದವನ ಕಾಲನ್ನು ಜಾರಿಸುವ, ಕಲ್ಲಿಗಂಟಿದ ಕಂದುಬಣ್ಣದ ಲೋಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡವರು ವಿರಳ. ನದಿಗಲ್ಲುಗಳ ಮೇಲಣ ಇಂಥ ಲೋಳೆಯಲ್ಲಿ ಸಾಮಾನ್ಯವಾಗಿ ಹೇರಳವಾಗಿರುವವು ಡಯಾಟಮ್‌ಗಳೆಂಬ ಏಕಕೋಶ ಪಾಚಿಗಳು. ಇವು ನೀರಿನಲ್ಲಿ ಕರಗಿದ ಸಿಲಿಕವನ್ನು ಹೀರಿಕೊಂಡು ತಮ್ಮ ಸುತ್ತ ಗಾಜಿನಂಥ ಕವಚವನ್ನು ಕಟ್ಟಿಕೊಳ್ಳುತ್ತವೆ.

ಆ ಸಿಲಿಕ ಬರುವುದು ಶಿಲೆಗಳಿಂದಲೇ. ಭೀಮಾ ನದಿ ಹಾದುಬರುವ ದಖ್ಖನಿನ ಕರಿಕಲ್ಲಿನ ತೂಕದಲ್ಲಿ ಸರಿಸುಮಾರು ಅರ್ಧ ಸಿಲಿಕ; ಚಿಂಚೋಳಿಯ ಕಡೆಗೂ ಆ ಶಿಲೆ ಹಬ್ಬಿದೆ. ಮಳೆ ಅದನ್ನು ಸವೆಸಿದಂತೆಲ್ಲ ಹಳ್ಳಕೊಳ್ಳಗಳಿಗೆ ಸಿಲಿಕ ಸೇರುತ್ತದೆ. ಫರ್ಸಿಯಾದರೋ 50 ಕೋಟಿ ವರ್ಷಗಳಿಗೂ ಹಿಂದಿನದು. ಡಯಾಟಮ್‌ಗಳ ಅತ್ಯಂತ ಹಳೆಯ ಪಳೆಯುಳಿಕೆಗಳು 20 ಕೋಟಿ ವರ್ಷಗಳಿಗಿಂತ ಈಚಿನವು. ಫರ್ಸಿಯ ಮೇಲೆ ಆಮ್ಲದ ಹನಿ ಬಿದ್ದರೆ ನೊರೆಯುಕ್ಕುವುದು. ಡಯಾಟಮಿನ ಕವಚವಾದರೆ ತೀಕ್ಷ್ಣ ಆಮ್ಲದಲ್ಲಿ ಕುದಿಸಿದರೂ ಅಳಿಯದು, ಒಳಗಿನ ಜೀವದ್ರವ್ಯ ಮಾತ್ರ ನಾಶವಾಗಿ, ಸೂಕ್ಷ್ಮದರ್ಶಕದ ಕೆಳಗೆ ಸಾಲುಗಟ್ಟಿದ ರಂಧ್ರಗಳ ಅಪೂರ್ವ ಕುಸುರಿ ಬೆಳಗುವುದು.

ಕವಚ ಎರಡು ಭಾಗಗಳದು; ಕುಂಕುಮದ ಭರಣಿಯ ಮೇಲೆ ಮುಚ್ಚಳ ಕುಳಿತಂತೆ ದೊಡ್ಡದರೊಳಗೆ ಚಿಕ್ಕದು ಹೊಂದಿಕೊಂಡಿರುತ್ತದೆ. ಕೋಶ ಇಬ್ಭಾಗವಾದಾಗ ಮರಿಗಳೆರಡೂ ತಮಗೆ ಬಂದ ಅರ್ಧವನ್ನೇ ಮುಚ್ಚಳವಾಗಿಸಿಕೊಂಡು ಒಳಗಿನ ಚಿಕ್ಕ ಭಾಗವನ್ನು ಹೊಸದಾಗಿ ರಚಿಸುವುದರಿಂದ, ತಾಯಿಯ ಚಿಕ್ಕ ಭಾಗವನ್ನು ಪಡೆದ ಸಂತತಿ ಪೀಳಿಗೆಯಿಂದ ಪೀಳಿಗೆಗೆ ಕಿರಿದಾಗುತ್ತ ಹೋಗುತ್ತದೆ. ಹೀಗೆಯೇ ಸಾಗಿದರೆ ಕುಲವೇ ಅಳಿಯಬೇಕಷ್ಟೆ. ಆದರೆ ಒಂದು ಮಿತಿಯನ್ನು ಮುಟ್ಟಿದಾಗ ಲೈಂಗಿಕ ಸಂಯೋಗ ನಡೆದು, ಹುಟ್ಟಿದ ಕೋಶವು ಹಳೆಯ ಕವಚವನ್ನು ತೊರೆದು ಉಬ್ಬಿ, ಪೂರ್ಣಗಾತ್ರದ ಹೊಸ ಕವಚವನ್ನು ಧರಿಸುತ್ತದೆ. ಪ್ರಕೃತಿಯ ಉಪಾಯಗಳಲ್ಲಿ ಇದಕ್ಕಿಂತ ಸೊಗಸಾದುದು ನನಗೆ ತಿಳಿಯದು.

ಜಗತ್ತಿನ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಐದನೆಯ ಒಂದು ಪಾಲು ಡಯಾಟಮ್‌ಗಳದೆಂದು ಅಂದಾಜು. ನಮ್ಮ ನಾಡಿನ ಡಯಾಟಮ್‌ಗಳನ್ನು ಆಸ್ಥೆಯಿಂದ ಅರಸಿದವರಲ್ಲಿ ಎಚ್. ಪಿ. ಗಾಂಧಿಯವರು ಪ್ರಮುಖರು, ಜೋಗದ ಜಲಪಾತದ ಡಯಾಟಮ್‌ಗಳನ್ನು ಕುರಿತ ಅವರ ದೀರ್ಘ ಪ್ರಬಂಧ 1966ರಲ್ಲಿ ಪ್ರಕಟವಾಯಿತು. ಕಾಗಿಣಾ, ಮುಲ್ಲಾಮಾರಿ ನದಿಗಳಿಗೂ ಅಂಥ ಗಮನ ಸಲ್ಲಬೇಕು: ಕಲುಷಿತ ಜಲದಲ್ಲಿ ಒಂದು ಜಾತಿ, ನಿರ್ಮಲ ಜಲದಲ್ಲಿ ಇನ್ನೊಂದು ಜಾತಿ ಹೆಚ್ಚುವುದರಿಂದ, ಕಲ್ಲಿನ ಲೋಳೆಯೇ ನದಿಯ ಆರೋಗ್ಯವನ್ನು ತಿಳಿಸಬಲ್ಲುದು.

ಸತ್ತ ಡಯಾಟಮ್‌ಗಳ ಕವಚಗಳು ತಳದಲ್ಲಿ ಶೇಖರವಾಗಿ ಹಗುರವಾದ, ಬಿಳುಪಾದ ಮಣ್ಣಾಗುತ್ತವೆ. ಆಲ್‌ಫ್ರೆಡ್ ನೊಬೆಲ್ 1867ರಲ್ಲಿ ಪೇಟೆಂಟ್ ಪಡೆದ ಡೈನಮೈಟಿನಲ್ಲಿ ನೈಟ್ರೋಗ್ಲಿಸರಿನನ್ನು ಹೀರಿಸಿದ್ದು ಈ ಮಣ್ಣಿಗೇ. ಪಾನೀಯಗಳನ್ನು ಸೋಸಲೂ, ಸಿಮೆಂಟಿಗೆ ಬೆರೆಸಲೂ ಇದು ಬೇಕು. ತೊಗರಿಯ ಸೀಮೆಗೆ ಮಾತ್ರ ಮುಖ್ಯವಾದದ್ದು ಬೇರೊಂದು ಗುಣ: ಕಾಳಿಗೆ ಬೆರೆಸಿದ ಈ ಪುಡಿ ಹುಳದ ಮೈಮೇಲಿನ ಮೇಣವನ್ನು ಹೀರಿ, ಕೆರೆದುಹಾಕುವುದರಿಂದ, ಹುಳ ಮೈಯ ನೀರನ್ನು ಕಳೆದುಕೊಂಡು ಒಣಗಿ ಸಾಯುತ್ತದೆ, ವಿಷದ ಮಾತೇ ಇಲ್ಲ. ಕಾಳು ತೇವವಾಗಿದ್ದರೆ ಫಲ ಕಡಿಮೆ. ಸೋಸುವುದಕ್ಕೆಂದು ಹೆಚ್ಚಿನ ಶಾಖದಲ್ಲಿ ಸುಟ್ಟ ಪುಡಿಯಲ್ಲಿ ಸ್ಫಟಿಕರೂಪದ ಸಿಲಿಕ ಉಂಟಾಗಿ ಶ್ವಾಸಕೋಶಕ್ಕೆ ಹಾನಿಯೊದಗುವುದರಿಂದ, ಕಾಳಿಗೆ ಸುಡದ ಪುಡಿಯನ್ನೇ, ಅದೂ ಕಾಳಿಗೆಂದೇ ತಯಾರಿಸಿದುದನ್ನೇ ಬಳಸತಕ್ಕದ್ದು, ಬೆರೆಸುವಾಗ ಮೂಗುಬಾಯಿ ಮುಚ್ಚಿಕೊಂಡಿರತಕ್ಕದ್ದು.